ಗೆರೆಯ ಕೆಳಗೆ ಅಡಗಿದ್ದ ದೂರ

ವೇಗ ಒಂದೇ ಸಮ ಇದ್ದರೆ ದೂರದ ಲೆಕ್ಕ ಸುಲಭ. ವೇಗ, ಸಮಯ ಎರಡನ್ನೂ ಗುಣಿಸಿದರೆ ಮುಗಿಯಿತು. ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ? ಯಾವ ವೇಗ ಹಿಡಿದು ಗುಣಿಸೋದು, ಶುರುವಿನದ್ದೋ ಕೊನೆಯದ್ದೋ? ಈ ತಲೆನೋವು ನ್ಯೂಟನ್‌ಗಿಂತ ಬಹಳ ಹಳೆಯದು.

ಬ್ಯಾಬಿಲೋನಿನವರು ಕ್ರಿ.ಪೂ. 350ರಿಂದ 50ರ ನಡುವೆ ಮಣ್ಣಿನ ಹಲಗೆಗಳ ಮೇಲೆ ಗುರುಗ್ರಹದ ಲೆಕ್ಕ ಬರೆದಿಟ್ಟಿದ್ದಾರೆ. ಮೊದಲು ಗುರು ದಿನಕ್ಕೆ 12 ಕಲೆ ಸಾಗುತ್ತದೆ (ಒಂದು ಡಿಗ್ರಿಗೆ 60 ಕಲೆ). 60 ದಿನಗಳ ಹೊತ್ತಿಗೆ ನಿಧಾನವಾಗಿ 9.5ಕ್ಕೆ ಇಳಿಯುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 10.75. ಅದನ್ನು 60ರಿಂದ ಗುಣಿಸಿದರೆ 645 ಕಲೆ, ಅಂದರೆ 10 ಡಿಗ್ರಿ 45 ಕಲೆ. ಇದು ತ್ರಾಪಿಜ್ಯದ (ಎರಡು ಬದಿ ಸಮಾಂತರವಾಗಿರುವ ಚತುರ್ಭುಜ) ವಿಸ್ತೀರ್ಣವೇ ಅಲ್ವಾ! ಹಲಗೆಗಳಲ್ಲಿರೋದು ಇದೇ ಎಂದು ವಿಜ್ಞಾನ ಇತಿಹಾಸಕಾರ ಮಾಥ್ಯೂ ಓಸೆನ್‌ಡ್ರೈವರ್ ತೋರಿಸಿದ್ದು 2016ರಲ್ಲಿ.

14ನೇ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನವರು ಇದೇ ಸರಾಸರಿ ವೇಗದ ನಿಯಮವನ್ನು ಮಾತಿನಲ್ಲಿ ಹೇಳಿದರು. ಫ್ರಾನ್ಸಿನ ನಿಕೋಲ್ ಒರೆಮ್ ಚಿತ್ರವನ್ನೇ ಬರೆದ. ಅಡ್ಡಗೆರೆ ಸಮಯ, ಅದರ ಮೇಲೆ ನಿಂತ ಗೆರೆಗಳು ವೇಗ, ನಡುವಿನ ಜಾಗ ದೂರ. ನನಗಂತೂ ಈ ಕಥೆಯ ನಿಜವಾದ ನಾಯಕ ಇವನೇ. 1638ರಲ್ಲಿ ಗೆಲಿಲಿಯೋ ಬೀಳುವ ವಸ್ತುಗಳಿಗೆ ಇದೇ ಉಪಾಯ ಬಳಸಿದ.

ಆದರೆ ಈ ಸರಾಸರಿಯ ಉಪಾಯ ನಡೆಯೋದು ವೇಗಗಳ ತುದಿ ಸೇರಿಸುವ ಗೆರೆ ನೇರವಾಗಿದ್ದಾಗ ಮಾತ್ರ. t ಸೆಕೆಂಡಿನ ಹೊತ್ತಿಗೆ ವೇಗ ಸೆಕೆಂಡಿಗೆ 3t² ಮೀಟರ್ ಎಂದುಕೊಳ್ಳಿ. ಶುರುವಿನಲ್ಲಿ ಸೊನ್ನೆ, 2 ಸೆಕೆಂಡಿಗೆ 12. ಸರಾಸರಿ 6 ಎಂದು ಗುಣಿಸಿದರೆ 12 ಮೀಟರ್ ಬರುತ್ತದೆ. ಅದು ತಪ್ಪು, ಜಾಸ್ತಿಯಾಯಿತು. ವಸ್ತು ಬಹಳ ಹೊತ್ತು ನಿಧಾನವಾಗಿಯೇ ಇತ್ತು, ವೇಗ ಏರಿದ್ದು ಕೊನೆಗೆ. ಸಮಯವನ್ನು ಅರ್ಧರ್ಧ ಸೆಕೆಂಡಿನ ಚೂರು ಮಾಡಿ, ಪ್ರತಿ ಚೂರಿನ ನಡುವಿನ ವೇಗ ಹಿಡಿದು ಕೂಡಿಸಿದರೆ 7.875 ಸಿಗುತ್ತದೆ. ಚೂರು ಸಣ್ಣದಾದಷ್ಟೂ ಮೊತ್ತ 8ರ ಹತ್ತಿರ ಬರುತ್ತದೆ.

ಹಾಗಂತ ಎಷ್ಟು ಚೂರು ಕೂಡಿಸ್ತಾ ಕೂರೋದು? 1665-66ರ ಸುಮಾರಿಗೆ ನ್ಯೂಟನ್, ಆಮೇಲೆ ಬೇರೆಯಾಗಿಯೇ ಜರ್ಮನಿಯ ಲೈಬ್ನಿಟ್ಸ್, ದಾರಿ ತಿರುಗಿಸಿ ನೋಡಿದರು. ಯಾವುದರ ಬದಲಾವಣೆಯ ದರ 3t²? t³ದ್ದು. 2ರ ಘನ 8, ಮುಗೀತು! ಚೂರುಗಳ ಮೊತ್ತಕ್ಕೆ ಲೈಬ್ನಿಟ್ಸ್ 1675ರ ಅಕ್ಟೋಬರ್ 29ರಂದು ಉದ್ದಕ್ಕೆ ಎಳೆದ ಎಸ್ ಅಕ್ಷರ ಬರೆದ. ಅನುಕಲನದ ಚಿಹ್ನೆ ∫ ಇವತ್ತಿಗೂ ಅದೇ.

ಒಂದೇ ಎಚ್ಚರ: ವಸ್ತು ಹಿಂದಕ್ಕೆ ಚಲಿಸಿದರೆ ಗೆರೆ ಸೊನ್ನೆಯ ಕೆಳಗಿಳಿಯುತ್ತದೆ. ಆ ಭಾಗವನ್ನು ಕಳೆದರೆ ಸಿಗೋದು ಸ್ಥಾನಪಲ್ಲಟ (ಹೊರಟ ಜಾಗದಿಂದ ಕೊನೆಗೆ ಎಷ್ಟು ಸರಿದಿದೆ ಅನ್ನೋದು), ಕೂಡಿಸಿದರೆ ಒಟ್ಟು ಸಾಗಿದ ದೂರ.