ಹಾಪ್ಸ್ ಸಾರಕ್ಕೆ ಉಳ್ಳಾಗಡ್ಡಿಯ ಲೆಕ್ಕ ಹೊಂದುವುದಿಲ್ಲ

ಬಾಗಲಕೋಟೆಯಲ್ಲಿ ಓದುವ ನಮಗೆ ಫ್ಲೇವನಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ಸಂಯುಕ್ತ) ಪ್ರಯೋಗವೆಂದರೆ ಉಳ್ಳಾಗಡ್ಡಿ ಸಿಪ್ಪೆ. ಕಾಸು ಕೊಡದೆ ಸಿಗುತ್ತದೆ, ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಧಾರಾಳವಾಗಿದೆ. ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿ, 415 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕಿನ ಹೀರಿಕೆ ಓದಿ, ಶುದ್ಧ ಕ್ವೆರ್ಸೆಟಿನ್ ಅಳೆದು ಎಳೆದ ರೇಖೆಗೆ ಹೋಲಿಸಿದರೆ ಕೆಲಸ ಮುಗಿಯಿತು. ಇದೇ ಕ್ರಮವನ್ನು ಹಾಪ್ಸ್ (ಬಿಯರಿಗೆ ಹಾಕುವ ಹೂವು) ಸಾರಕ್ಕೆ ಹಚ್ಚಿದರೂ ಒಂದು ಸಂಖ್ಯೆ ಬರುತ್ತದೆ. ಅದನ್ನು ನಂಬಬೇಡಿ.

ಅಲ್ಯೂಮಿನಿಯಂ ಹಿಡಿದುಕೊಳ್ಳಲು ಅಣುವಿನಲ್ಲಿ ತಕ್ಕ ಜಾಗ ಬೇಕು: ಕೀಟೋ ಗುಂಪಿನ ಹತ್ತಿರ 3 ಅಥವಾ 5ನೆಯ ಸ್ಥಾನದಲ್ಲಿ ಹೈಡ್ರಾಕ್ಸಿಲ್, ಇಲ್ಲವೇ ಉಂಗುರದ ಮೇಲೆ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್. ಕ್ವೆರ್ಸೆಟಿನ್‌ನಲ್ಲಿ ಇವೆಲ್ಲವೂ ಇವೆ. ಹಾಪ್ಸ್‌ನ ಐಸೊಕ್ಸಾಂಥೊಹ್ಯುಮಾಲ್‌ನಲ್ಲಿ 5ನೆಯ ಸ್ಥಾನವನ್ನು ಮಿಥಾಕ್ಸಿ ಆಕ್ರಮಿಸಿದೆ, 3ರಲ್ಲಿ ಹೈಡ್ರಾಕ್ಸಿಲ್ ಇಲ್ಲ. ಹಾಗಾಗಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ನಾವು ಮುಖ್ಯವಾಗಿ ಹುಡುಕುವ ಕ್ಸಾಂಥೊಹ್ಯುಮಾಲ್ ಚಾಲ್ಕೋನ್ ಎಂಬ ಫ್ಲೇವನಾಯ್ಡ್ ಜಾತಿಯದು, ಮೊದಲೇ ಹಳದಿ; ಅದರ ಬಣ್ಣವೂ ಓದಿನಲ್ಲಿ ಬೆರೆಯುತ್ತದೆ. ಹಾಪ್ಸ್‌ನಲ್ಲಿ ಕ್ವೆರ್ಸೆಟಿನ್‌ನ ಗ್ಲೈಕೋಸೈಡುಗಳೂ (ಸಕ್ಕರೆ ಅಂಟಿದ ರೂಪಗಳು) ಇರುವುದರಿಂದ, ನಾವು ಹುಡುಕುವುದೊಂದು, ಉಪಕರಣ ಎಣಿಸುವುದು ಇನ್ನೊಂದು.

ಆದ್ದರಿಂದ ಎಚ್‌ಪಿಎಲ್‌ಸಿ, ಅಂದರೆ ಸಾರದ ಘಟಕಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ಉಪಕರಣ, ಬೇಕೇ ಬೇಕು. ಸಿ18 ಕಾಲಂ, ಫಾರ್ಮಿಕ್ ಆಮ್ಲ ಬೆರೆತ ನೀರು ಮತ್ತು ಅಸಿಟೋನೈಟ್ರೈಲ್. ಕ್ಸಾಂಥೊಹ್ಯುಮಾಲನ್ನು 370 ನ್ಯಾನೋಮೀಟರಿನಲ್ಲಿ, ಐಸೊಕ್ಸಾಂಥೊಹ್ಯುಮಾಲ್ ಮತ್ತು ಹಾಪ್ಸ್‌ನ ಇನ್ನೊಂದು ಘಟಕವಾದ 8-ಪ್ರೆನೈಲ್‌ನರಿಂಜೆನಿನ್‌ಗಳನ್ನು 290ರ ಸುತ್ತ ನೋಡಬೇಕು. ಹೋಲಿಕೆಗೆ ಪ್ರತಿಯೊಂದಕ್ಕೂ ಅದರದೇ ಶುದ್ಧ ಮಾದರಿ ಬೇಕು. ದುಬಾರಿ, ನಿಜ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಕಾಲಂ ಹೇಗಿದ್ದರೂ ನಡೆದೀತು ಎನ್ನುವವರಿದ್ದಾರೆ. ಆದರೆ ಕ್ಸಾಂಥೊಹ್ಯುಮಾಲ್, ಐಸೊಕ್ಸಾಂಥೊಹ್ಯುಮಾಲ್ ಎರಡರ ಅಣುತೂಕ ಒಂದೇ, 354. 8 ಮತ್ತು 6-ಪ್ರೆನೈಲ್‌ನರಿಂಜೆನಿನ್ ಎರಡೂ 340. ಈಸ್ಟ್ರೋಜೆನ್‌ನಂತೆ ಬಲವಾಗಿ ವರ್ತಿಸುವುದು 8 ಮಾತ್ರ. ಕಾಲಂ ಬೇರ್ಪಡಿಸದಿದ್ದರೆ ತೂಕ ನೋಡಿ ಯಾವುದು ಯಾವುದೆಂದು ಹೇಳಲಾಗದು.

ಮಾದರಿಯನ್ನು ಕುದಿಸಬೇಡಿ, ಕ್ಷಾರವನ್ನೂ ಹಾಕಬೇಡಿ. ಎರಡರಿಂದಲೂ ಕ್ಸಾಂಥೊಹ್ಯುಮಾಲ್ ಐಸೊಕ್ಸಾಂಥೊಹ್ಯುಮಾಲ್ ಆಗಿ ಬದಲಾಗುತ್ತದೆ. ಬಿಯರ್ ತಯಾರಿಕೆಯ ಕುದಿತದಲ್ಲೂ ನಡೆಯುವುದು ಇದೇ. ಮೆಥನಾಲ್, ಅಲ್ಟ್ರಾಸೋನಿಕ್ ತೊಟ್ಟಿ, ಕಂದು ಗಾಜಿನ ಸೀಸೆ ಸಾಕು. ನಮ್ಮ ಏಪ್ರಿಲ್ ಸೆಕೆಯಲ್ಲಿ ತೊಟ್ಟಿಯ ನೀರಿಗೆ ಮಂಜುಗಡ್ಡೆ ಹಾಕುವುದು ಅತಿಯಲ್ಲ.

ಲೆಕ್ಕ ಸುಲಭ. ಹಾಪ್ಸ್ ಸಾರದ ಮಾತ್ರೆಯ 100 ಮಿಲಿಗ್ರಾಂ ಪುಡಿಯನ್ನು ಮೆಥನಾಲ್‌ನಲ್ಲಿ 50 ಮಿಲಿಲೀಟರ್ ಮಾಡಿ, ಹತ್ತು ಪಟ್ಟು ತೆಳುಗೊಳಿಸಿದಾಗ ಕ್ಸಾಂಥೊಹ್ಯುಮಾಲ್ 2 ಮೈಕ್ರೋಗ್ರಾಂ/ಮಿಲಿಲೀಟರ್ ಬಂದಿತೆನ್ನಿ. 2 × 10 × 50 = 1000 ಮೈಕ್ರೋಗ್ರಾಂ, ಅಂದರೆ ಶೇ 1. ಮಾತ್ರೆಯ ಸರಾಸರಿ ತೂಕ 500 ಮಿಲಿಗ್ರಾಂ ಆದರೆ ಅದರಲ್ಲಿರುವುದು 5 ಮಿಲಿಗ್ರಾಂ. ಲೇಬಲ್ ಮೇಲಿನ ‘ಹಾಪ್ಸ್ ಸಾರ’ದ ತೂಕವನ್ನೇ ಕ್ಸಾಂಥೊಹ್ಯುಮಾಲ್ ತೂಕವೆಂದು ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಅಂಕ ಹೋಗುವುದು ಖಚಿತ.