ಪದ ಪರಿಚಯ: ಅಪಧಮನಿಯ ಹೆಪ್ಪು

‘ಬ್ಲಾಕ್ ಇದೆಯಂತೆ’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಬೆಳೆಯುವ ಕೊಬ್ಬಿನ ದಪ್ಪ ಒಂದು, ಅದನ್ನು ಪ್ಲಾಕ್ ಎನ್ನುತ್ತಾರೆ. ನಾಳದೊಳಗೆ ನಿಮಿಷಗಳಲ್ಲಿ ಕಟ್ಟಿಕೊಳ್ಳುವ ರಕ್ತದ ಹೆಪ್ಪು ಇನ್ನೊಂದು. ಹೃದಯಾಘಾತವಾಗುವುದು ಬಹುಪಾಲು ಈ ಎರಡನೆಯದರಿಂದ. ವೈದ್ಯರ ಬಾಯಲ್ಲಿ ಇದರ ಹೆಸರು ಆರ್ಟೀರಿಯಲ್ ಥ್ರಾಂಬೋಸಿಸ್.

ಹೃದಯದಿಂದ ರಕ್ತವನ್ನು ಒಯ್ಯುವ ನಾಳ ಅಪಧಮನಿ, ಮರಳಿ ತರುವುದು ಅಭಿಧಮನಿ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಇಷ್ಟು ಒಂದೇ ಥರ ಕೇಳುವ ಪದಗಳು ಹೇಗೆ ಬಂದವೋ! ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ ಎಂದು ನೆನಪಿಟ್ಟರೆ ತಪ್ಪುವುದಿಲ್ಲ. ಇದ್ದಲ್ಲೇ ಕಟ್ಟಿದ ಹೆಪ್ಪು ಥ್ರಾಂಬಸ್. ಅದು ಕಳಚಿ, ರಕ್ತದೊಡನೆ ಸಾಗಿ, ಮುಂದಿನ ಕಿರಿದಾದ ನಾಳದಲ್ಲಿ ಸಿಕ್ಕಿಕೊಂಡರೆ ಎಂಬಾಲಸ್. ಈ ಪರಿಕಲ್ಪನೆಗಳನ್ನು ವೈದ್ಯಶಾಸ್ತ್ರದಲ್ಲಿ ನೆಲೆಗೊಳಿಸಿದವರು 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ.

‘ಹೆಪ್ಪು’ ಎಂದೊಡನೆ ಹಾಲು ನೆನಪಾಗುತ್ತದೆ, ಆದರೆ ಹೋಲಿಕೆ ಅರ್ಧದಾರಿಗೇ ನಿಲ್ಲುತ್ತದೆ. ಹಾಲು ಪಾತ್ರೆಯಷ್ಟೂ ಒಟ್ಟಿಗೆ ಗಟ್ಟಿಯಾಗುತ್ತದೆ. ರಕ್ತ ಗಾಯವಾದ ಜಾಗದಲ್ಲಷ್ಟೇ ಗಟ್ಟಿಯಾಗಬೇಕು, ಉಳಿದೆಡೆ ಹರಿಯುತ್ತಲೇ ಇರಬೇಕು. ಈ ಕಾವಲು ಕೆಲಸ ನಾಳದ ಒಳಪದರದ್ದು. ಒಂದೇ ಒಂದು ಕೋಶದಷ್ಟು ದಪ್ಪದ ಈ ಪದರ ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್‌ಗಳನ್ನು ಸ್ರವಿಸುತ್ತ, ಹೆಪ್ಪು ಕಟ್ಟಿಸುವ ಪುಟ್ಟ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟದಂತೆ ನೋಡಿಕೊಳ್ಳುತ್ತದೆ. ಧೂಮಪಾನ, ಅಧಿಕ ರಕ್ತದೊತ್ತಡ, ಮಧುಮೇಹ, ಹೆಚ್ಚಿದ ಎಲ್‌ಡಿಎಲ್ ಕೊಲೆಸ್ಟೆರಾಲ್ ಕೆಡಿಸುವುದು ಈ ಪದರವನ್ನೇ.

ಪ್ಲಾಕ್‌ನ ನಡುವೆ ಮೆತ್ತನೆಯ ಕೊಬ್ಬಿನ ತಿರುಳು, ಮೇಲೆ ನಾರಿನ ಮುಚ್ಚಳ. ಉರಿಯೂತದಿಂದ ಮುಚ್ಚಳ ಸವೆದು, ಸುಮಾರು 65 ಮೈಕ್ರೋಮೀಟರ್‌ಗಿಂತ ತೆಳುವಾದಾಗ ಒಡೆಯುವ ಅಪಾಯ ಹೆಚ್ಚು. ಒಡೆದರೆ ಒಳಗಿನ ಕೊಲಾಜೆನ್ ಮತ್ತು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನುಗಳು ರಕ್ತಕ್ಕೆ ತಾಗಿ ಹೆಪ್ಪುಗಟ್ಟುವಿಕೆಯನ್ನು ಶುರುಮಾಡುತ್ತವೆ. ಅಪಧಮನಿಯಲ್ಲಿ ರಕ್ತದ ಸೆಳೆತ ಜೋರು, ಬಿಡಿ ಕಣಗಳು ನಿಲ್ಲುವುದು ಕಷ್ಟ. ಅಲ್ಲಿ ನೆರವಿಗೆ ಬರುವುದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನು. ಸಾಮಾನ್ಯವಾಗಿ ಉಂಡೆಯಂತೆ ಸುತ್ತಿಕೊಂಡಿರುವ ಇದು ಸೆಳೆತಕ್ಕೆ ಸಿಕ್ಕಿದಾಗ ಹಗ್ಗದಂತೆ ಬಿಚ್ಚಿಕೊಂಡು, ಹರಿದುಹೋಗುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಇನ್ನಷ್ಟನ್ನು ಕರೆಯುತ್ತವೆ, ಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ಹೃದಯದ ಮುಖ್ಯ ಅಪಧಮನಿಗಳ ಒಳ ಅಗಲ ಬರೀ 3–4 ಮಿಲಿಮೀಟರ್. ಮುಚ್ಚಲು ಎಷ್ಟು ಬೇಕು?

ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದ್ದವರಿಗೂ ಕೆಲವು ವಾರಗಳಲ್ಲೇ ಹೃದಯಾಘಾತವಾಗಬಲ್ಲದು ಎಂಬುದರ ಗುಟ್ಟು ಇಲ್ಲಿದೆ. ನಾಳ ಸುಮಾರು 70% ಕಿರಿದಾದಾಗ ಶ್ರಮಪಟ್ಟರೆ ಎದೆನೋವು ಬರುತ್ತದೆ, ಪರೀಕ್ಷೆ ಹಿಡಿಯುವುದು ಅದನ್ನು. 40% ಮಾತ್ರ ಕಿರಿದಾದ, ಆದರೆ ತೆಳು ಮುಚ್ಚಳದ ಪ್ಲಾಕ್ ಯಾವ ಸುಳಿವನ್ನೂ ಕೊಡದೆ ಇದ್ದು ಒಂದು ದಿನ ಒಡೆಯಬಹುದು. ಶೇಕಡಾವಾರು ಲೆಕ್ಕ ನೋಡಿ ನಿಶ್ಚಿಂತೆಯಾಗಿರುವುದು ಅಷ್ಟೊಂದು ಬುದ್ಧಿವಂತಿಕೆಯಲ್ಲ.

ಅಭಿಧಮನಿಯ ಹೆಪ್ಪಿನ ಜಾತಿಯೇ ಬೇರೆ. ಅಲ್ಲಿ ರಕ್ತ ನಿಧಾನವಾಗಿ ಹರಿಯುವುದರಿಂದ ಹೆಪ್ಪಿನಲ್ಲಿ ಫೈಬ್ರಿನ್ ಮತ್ತು ಕೆಂಪು ರಕ್ತಕಣಗಳು ಜಾಸ್ತಿ, ಬಣ್ಣ ಕೆಂಪು. ಅಪಧಮನಿಯದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ, ಬಣ್ಣ ಬಿಳಿಚು. ಔಷಧಿ ಬೇರೆಯಾಗುವುದೂ ಇದರಿಂದಲೇ. ಅಪಧಮನಿಗೆ ಮುಖ್ಯವಾಗಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಪ್ಲೇಟ್‌ಲೆಟ್ ತಡೆಗಳು, ಅಭಿಧಮನಿಗೆ ಫೈಬ್ರಿನ್ ಉಂಟಾಗುವುದನ್ನು ತಡೆಯುವ ಹೆಪಾರಿನ್, ವಾರ್ಫರಿನ್‌ನಂಥವು. ಎರಡನ್ನೂ ‘ರಕ್ತ ತೆಳು ಮಾಡುವ ಮಾತ್ರೆ’ ಎಂದು ಒಂದೇ ಹೆಸರಲ್ಲಿ ಕರೆಯುವುದರಿಂದ ಗೊಂದಲವಷ್ಟೇ ಆಗುತ್ತದೆ, ಯಾವುದೂ ರಕ್ತವನ್ನು ತೆಳು ಮಾಡುವುದಿಲ್ಲ. ಔಷಧಿಯ ಈ ವಿಂಗಡಣೆಗೊಂದು ಅಪವಾದವಿದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯ ತಪ್ಪಿದ ಬಡಿತದಲ್ಲಿ ರಕ್ತ ಹೃದಯದ ಎಡ ಹೃತ್ಕರ್ಣದ ಮೂಲೆಯಲ್ಲಿ ಮಡುಗಟ್ಟಿ ಹೆಪ್ಪಾಗುತ್ತದೆ. ಅದು ತಪ್ಪಿಸಿಕೊಂಡು ಮೆದುಳಿನ ಅಪಧಮನಿಗೆ ಹೋದರೆ ಪಾರ್ಶ್ವವಾಯು. ಸಿಕ್ಕಿಕೊಂಡದ್ದು ಅಪಧಮನಿಯಲ್ಲಾದರೂ ಹುಟ್ಟಿದ್ದು ನಿಂತ ರಕ್ತದಲ್ಲಿ. ಹಾಗಾಗಿ ಇದನ್ನು ತಡೆಯಲು ಆಸ್ಪಿರಿನ್ ಸಾಲದು, ವಾರ್ಫರಿನ್ ಅಥವಾ ಅಪಿಕ್ಸಬಾನ್ ಗುಂಪಿನ ಔಷಧಿ ಬೇಕು.

ಹೆಪ್ಪು ಕಟ್ಟಿದ ಮೇಲೆ ಎಷ್ಟು ಸಮಯವಿದೆ ಎಂಬುದು ಅಂಗವನ್ನು ಅವಲಂಬಿಸಿದೆ. ಹೃದಯದ ಸ್ನಾಯು 20–40 ನಿಮಿಷಗಳಲ್ಲಿ ಸಾಯತೊಡಗುತ್ತದೆ. ಎದೆಯಲ್ಲಿ ಒತ್ತಿದಂಥ ನೋವು ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಬೇಕು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಕೊಡಬಹುದು. ಅದನ್ನು ಅಗಿಯಬೇಕು, ಇಡಿಯಾಗಿ ನುಂಗಿದರೆ ಕೆಲಸ ಶುರುವಾಗುವುದು ತಡ. ಮೆದುಳಿನಲ್ಲಾದರೆ ಮುಖ ಸೊಟ್ಟಗಾಗುತ್ತದೆ, ಒಂದು ಕೈ ಬೀಳುತ್ತದೆ, ಮಾತು ತೊದಲುತ್ತದೆ. ಇಲ್ಲಿ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ಕಾರಣ ಹೆಪ್ಪೋ ರಕ್ತಸ್ರಾವವೋ ಎಂಬುದು ಸ್ಕ್ಯಾನ್ ಆಗದೆ ತಿಳಿಯುವುದಿಲ್ಲ, ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಅದನ್ನು ಹೆಚ್ಚಿಸೀತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಲಕ್ಷಣ ಶುರುವಾದ ಗಳಿಗೆಯನ್ನು, ಅದು ಗೊತ್ತಿಲ್ಲದಿದ್ದರೆ ರೋಗಿ ಕೊನೆಯ ಬಾರಿ ಸರಿಯಾಗಿದ್ದ ಗಳಿಗೆಯನ್ನು, ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು.

ಕಾಲಿನಲ್ಲಿ ಗುರುತು ಹಿಡಿಯುವುದು ಹೀಗೆ: ಅಭಿಧಮನಿ ಕಟ್ಟಿದ ಕಾಲು ಊದಿ ಬೆಚ್ಚಗಿರುತ್ತದೆ. ಅಪಧಮನಿ ಕಟ್ಟಿದ ಕಾಲು ಬಿಳಿಚಿ ತಣ್ಣಗಾಗುತ್ತದೆ, ಪಾದದ ನಾಡಿ ಸಿಗುವುದಿಲ್ಲ, ನೋವಿನ ಹಿಂದೆಯೇ ಜೋಮು ಬರುತ್ತದೆ. ತಣ್ಣಗಿದೆಯೆಂದು ಶಾಖ ಕೊಟ್ಟರೆ ಸ್ಪರ್ಶವಿಲ್ಲದ ಚರ್ಮ ಸುಡುತ್ತದೆ, ದಿಂಬಿಟ್ಟು ಮೇಲೆತ್ತಿದರೆ ಬರುವ ಅಲ್ಪ ರಕ್ತವೂ ನಿಲ್ಲುತ್ತದೆ. ಸುಮಾರು 6 ಗಂಟೆ ದಾಟಿದರೆ ಕಾಲು ಉಳಿಯುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ.

ಇನ್ನು ಮಾತ್ರೆ ನಿಲ್ಲಿಸುವ ವಿಷಯ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು ಅದು ಮತ್ತೆ ತಯಾರಿಸಿಕೊಳ್ಳಲಾರದು. ಅದರ ಆಯಸ್ಸು 7–10 ದಿನ. ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗುವುದೂ, ನಿಲ್ಲಿಸಿದ ಮೇಲೂ ಪರಿಣಾಮ ಕೆಲವು ದಿನ ಉಳಿಯುವುದೂ ಇದೇ ಕಾರಣಕ್ಕೆ. ಕಿರಿದಾದ ನಾಳವನ್ನು ತೆರೆದಿಡಲು ಸ್ಟೆಂಟ್ ಹಾಕಿದ ಮೇಲೆ ಆ ಲೋಹದ ಜಾಲರಿಯ ಮೇಲೆ ಒಳಪದರ ಬೆಳೆದು ಮುಚ್ಚುವವರೆಗೆ ಅದು ರಕ್ತಕ್ಕೆ ಹೊರಗಿನ ವಸ್ತುವೇ. ಅದಕ್ಕಾಗಿ ಸಾಮಾನ್ಯವಾಗಿ 6–12 ತಿಂಗಳು ಎರಡು ಪ್ಲೇಟ್‌ಲೆಟ್ ತಡೆಗಳು ಒಟ್ಟಿಗೆ ನಡೆಯುತ್ತವೆ. ಹಲ್ಲು ಕೀಳಿಸುವ ಮುನ್ನ ತಾವಾಗಿಯೇ ಎರಡನ್ನೂ ಬಿಟ್ಟು ಸ್ಟೆಂಟ್‌ನೊಳಗೇ ಹೆಪ್ಪು ತಂದುಕೊಳ್ಳುವವರಿದ್ದಾರೆ. ಒಸಡಿನ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು, ಸಾಮಾನ್ಯ ಹಲ್ಲು ಕೀಳಿಸಲು ಈ ಮಾತ್ರೆಗಳನ್ನು ಬಿಡಬೇಕಾಗುವುದು ಅಪರೂಪ.