ಕುದುರೆಯ ಕಾಲು ವಾಸಿ ಮಾಡಿದ್ದು ಯಾರು?

2009ರ ಡಿಸೆಂಬರ್ ಕೊನೆಯಲ್ಲಿ ವೇಲ್ಸ್‌ನ ಚೆಪ್‌ಸ್ಟೋ ಮೈದಾನದಲ್ಲಿ ವೆಲ್ಷ್ ಗ್ರ್ಯಾಂಡ್ ನ್ಯಾಷನಲ್ ಎಂಬ ರೇಸ್ ಗೆದ್ದ ಕುದುರೆಯ ಹೆಸರು ಡ್ರೀಮ್ ಅಲೈಯನ್ಸ್. ಹಿಂದೊಮ್ಮೆ ಕಲ್ಲಿದ್ದಲು ಗಣಿಗಳಿದ್ದ ಸೀಮೆಯ ಊರೊಂದರ ಜನ ವಾರಕ್ಕೆ ಹತ್ತು ಪೌಂಡಿನಂತೆ ಹಣ ಕೂಡಿಸಿ ಸಾಕಿದ ಕುದುರೆ ಅದು. 2008ರಲ್ಲಿ ಇಂಗ್ಲೆಂಡಿನ ಏಂಟ್ರೀ ಮೈದಾನದಲ್ಲಿ ಓಡುವಾಗ ಅದರ ಕಾಲಿನ ಸ್ನಾಯುರಜ್ಜುವಿಗೆ, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರಿನ ಹಗ್ಗಕ್ಕೆ, ದೊಡ್ಡ ಪೆಟ್ಟಾಗಿತ್ತು. ಇನ್ನು ಓಡುವ ಮಾತೇ ಇಲ್ಲ ಎನ್ನುವಂಥ ಗಾಯ. ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳನ್ನು ಗಾಯಕ್ಕೆ ಚುಚ್ಚುವ, ಆಗಿನ್ನೂ ಹೊಸದಾಗಿದ್ದ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಿದರು. ವರ್ಷಕ್ಕೂ ಹೆಚ್ಚು ಕಾಲ ರೇಸಿನಿಂದ ದೂರವಿದ್ದ ಕುದುರೆ ಹಿಂದಿರುಗಿ ಬಂದು ಗೆದ್ದಾಗ, ಸ್ಟೆಮ್ ಸೆಲ್ ಗೆದ್ದಿತು ಎಂದೇ ಎಲ್ಲರೂ ಬರೆದರು.

ಸಿನಿಮಾ ಮಾಡಲು ಹೇಳಿ ಮಾಡಿಸಿದ ಕಥೆ; ಸಿನಿಮಾವೂ ಬಂತು. ಆದರೆ ವಾಸಿ ಮಾಡಿದ್ದು ಸೂಜಿಯೋ, ವರ್ಷಕ್ಕೂ ಮೀರಿ ಸಿಕ್ಕ ವಿಶ್ರಾಂತಿಯೋ? ಒಂದೇ ಕುದುರೆಯನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಕುದುರೆಯ ಕಾಲಿನ ಚಿಕಿತ್ಸೆಯ ಇತಿಹಾಸದ ಉದ್ದಕ್ಕೂ ಇದೇ ತಕರಾರು.

ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಕ್ಕೆ ಹೇಳಿಕೊಳ್ಳುವಂಥ ಮಾಂಸವೇ ಇಲ್ಲ. ಮೂಳೆ, ಅದರ ಹಿಂದೆ ರಜ್ಜುಗಳು, ಮೇಲೊಂದು ಚರ್ಮ, ಅಷ್ಟೇ. ಈ ರಜ್ಜುಗಳಲ್ಲಿ ಚರ್ಮಕ್ಕೆ ತೀರಾ ಹತ್ತಿರದಲ್ಲಿರುವ ಸ್ನಾಯುರಜ್ಜುವೇ ರೇಸ್ ಕುದುರೆಗಳಲ್ಲಿ ಹೆಚ್ಚಾಗಿ ಹರಿಯುವುದು. ಸುಮಾರು 500 ಕಿಲೋ ತೂಕದ ಪ್ರಾಣಿ ನಾಗಾಲೋಟದಲ್ಲಿ ಒಂದೇ ಮುಂಗಾಲಿನ ಮೇಲೆ ಭಾರ ಬಿಟ್ಟ ಕ್ಷಣ ಅದು ಎಳೆಯಲ್ಪಟ್ಟು, ಕಾಲೆತ್ತುವಾಗ ಕುಗ್ಗಿ, ತುಂಬಿಕೊಂಡ ಶಕ್ತಿಯನ್ನು ಮರಳಿಸುತ್ತದೆ. ಕುದುರೆ ದಣಿಯದೆ ದೂರ ಓಡುವುದರ ಗುಟ್ಟು ಇದು. ಓಡುವ ಕುದುರೆಗಳಲ್ಲೇ ಅಳತೆ ಮಾಡಿದಾಗ ರಜ್ಜು ಶೇ 16ರವರೆಗೂ ಉದ್ದವಾಗುವುದು ಕಂಡಿದೆ. ಹರಿಯುವ ಮಿತಿ ಅಲ್ಲಿಂದ ಬಹಳ ದೂರವಿಲ್ಲ. ಅಂದರೆ ಪ್ರತಿ ರೇಸಿನಲ್ಲೂ ಈ ಅಂಗ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತದೆ.

ಇನ್ನೊಂದು ಅಪಾಯ ಶಾಖದ್ದು. ಹಿಗ್ಗಿ ಕುಗ್ಗುವಾಗ ಶಕ್ತಿಯ ಸ್ವಲ್ಪ ಪಾಲು ಬಿಸಿಯಾಗಿ ಸೋರುತ್ತದೆ. ಮೇಲ್ಭಾಗದ ಬಿಸಿ ಆರಿಹೋಗುತ್ತದೆ, ನಡುಭಾಗದ್ದು ಅಲ್ಲೇ ಉಳಿಯುತ್ತದೆ. ನಾಗಾಲೋಟದ ವೇಳೆ ರಜ್ಜುವಿನ ಒಳಗೆ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಗಾಯಗಳು ನಡುವಿನಲ್ಲೇ ಹೆಚ್ಚಾಗಿ ಹುಟ್ಟುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಸಂಶೋಧಕರ ಊಹೆ. ಬಹುತೇಕ ಗಾಯಗಳು ಒಂದು ತಪ್ಪು ಹೆಜ್ಜೆಯಿಂದ ಆದವಲ್ಲ. ಕಣ್ಣಿಗೆ ಕಾಣದ ಸವೆತ ವರ್ಷಗಳ ಕಾಲ ಸೇರುತ್ತಾ ಬಂದು ಒಂದು ದಿನ ನಾರುಗಳು ಕಿತ್ತುಕೊಳ್ಳುತ್ತವೆ.

ಆಗ ಕಾಲಿನ ಹಿಂಭಾಗ ಬಿಲ್ಲಿನಂತೆ ಉಬ್ಬುತ್ತದೆ, ಮುಟ್ಟಿದರೆ ಬಿಸಿ, ಒತ್ತಿದರೆ ಕುದುರೆ ಕಾಲೆಳೆದುಕೊಳ್ಳುತ್ತದೆ. ಮೊದಲ ದಿನಗಳ ಉಪಚಾರದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ: ದಿನಕ್ಕೆ ಹಲವು ಸಲ ತಣ್ಣೀರು ಅಥವಾ ಐಸ್, ಬ್ಯಾಂಡೇಜ್, ಉರಿಯೂತ ತಗ್ಗಿಸುವ ಔಷಧ, ಲಾಯದಲ್ಲೇ ವಿಶ್ರಾಂತಿ. ಮೋಸ ಇರುವುದು ಆಮೇಲೆ. ಕುಂಟು ಕೆಲವೇ ದಿನಗಳಲ್ಲಿ ನಿಂತುಹೋಗಬಹುದು, ನಾರು ಹರಿದು ರಜ್ಜುವಿನೊಳಗೆ ಆದ ರಂಧ್ರ ಹಾಗೇ ಇರುತ್ತದೆ. ಅದಕ್ಕೇ 1980ರ ದಶಕದಿಂದೀಚೆಗೆ ಬಳಕೆಗೆ ಬಂದ ಅಲ್ಟ್ರಾಸೌಂಡ್ ಇಲ್ಲಿ ಯಾವ ಔಷಧಕ್ಕಿಂತಲೂ ಹೆಚ್ಚು ಉಪಕಾರ ಮಾಡಿದೆ ಎಂದು ನನಗನ್ನಿಸುತ್ತದೆ. ಹರಿದ ಜಾಗ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಮೊದಲ ಒಂದೆರಡು ವಾರ ಆ ಕಪ್ಪು ಹಿಗ್ಗಲೂಬಹುದು, ಆದ್ದರಿಂದ ಮೊದಲ ದಿನದ ಸ್ಕ್ಯಾನ್ ನೋಡಿ ಸಮಾಧಾನಪಡುವ ಹಾಗಿಲ್ಲ.

ರಜ್ಜು ಕೂಡಿಕೊಳ್ಳುತ್ತದೆ, ಮೊದಲಿನಂತೆ ಆಗುವುದಿಲ್ಲ. ಸಾಲಾಗಿ ಜೋಡಿಸಿದ ಗಟ್ಟಿ ಕೊಲಾಜೆನ್ (ರಜ್ಜುವಿನ ನಾರಿನ ಪ್ರೋಟೀನ್) ಇದ್ದಲ್ಲಿ ಮೊದಲು ಬರುವುದು ಅಡ್ಡಾದಿಡ್ಡಿ ಬೆಳೆದ ಬೇರೆ ಬಗೆಯ ಕೊಲಾಜೆನ್. ರೇಷ್ಮೆ ಸೀರೆಗೆ ಗೋಣಿದಾರದಲ್ಲಿ ತೇಪೆ ಹಾಕಿದ ಹಾಗೆ: ತೇಪೆಗೆ ಹಿಗ್ಗುವ ಗುಣವಿಲ್ಲ, ಹೀಗಾಗಿ ಎಳೆತವೆಲ್ಲ ಪಕ್ಕದ ಒಳ್ಳೆಯ ಬಟ್ಟೆಯ ಮೇಲೆ. ಕುದುರೆಗೆ ಮತ್ತೆ ಗಾಯವಾಗುವುದೂ ಹಲವು ಬಾರಿ ಹಳೆಯ ಕಲೆಯ ಅಂಚಿನಲ್ಲೇ, ಇಲ್ಲವೇ ಇನ್ನೊಂದು ಕಾಲಿನಲ್ಲಿ.

ಇದಕ್ಕೆ ಶತಮಾನಗಳಿಂದ ನಡೆದು ಬಂದ ಚಿಕಿತ್ಸೆ ಬರೆ. ಕೆಂಪಗೆ ಕಾದ ಕಬ್ಬಿಣವನ್ನು ಕಾಲಿನ ಚರ್ಮಕ್ಕೆ ಸಾಲುಸಾಲಾಗಿ ಒತ್ತುವುದು. ನಮ್ಮ ಹಳ್ಳಿಗಳಲ್ಲಿ ದನಗಳಿಗೆ ಬರೆ ಹಾಕುವುದನ್ನು ಕಂಡವರಿಗೆ ಇದರ ತರ್ಕ ಹೊಸದಲ್ಲ: ಹೊಸ ಉರಿ ಎಬ್ಬಿಸಿದರೆ ಹಳೆಯ ನೋವು ಹೋಗುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಇದನ್ನು ಪರೀಕ್ಷೆಗೆ ಒಡ್ಡಿ 1983ರಲ್ಲಿ ವರದಿ ಕೊಟ್ಟಿತು. ಬರೆಯಿಂದ ರಜ್ಜು ಗುಣವಾಗಲು ಸಹಾಯವೇನೂ ಆಗಿರಲಿಲ್ಲ. 1991ರಲ್ಲಿ ಅಲ್ಲಿನ ಪಶುವೈದ್ಯ ವೃತ್ತಿಯನ್ನು ನಿಯಂತ್ರಿಸುವ ರಾಯಲ್ ಕಾಲೇಜು ಎಂಬ ಸಂಸ್ಥೆ ಅದನ್ನು ಅನೈತಿಕವೆಂದು ಸಾರಿತು. ಹಾಗಾದರೆ ಅಷ್ಟು ಕಾಲ ಅನುಭವಸ್ಥರೇ ಅದನ್ನು ನಂಬಿದ್ದೇಕೆ? ಕಾಲು ಸುಟ್ಟ ಕುದುರೆಯನ್ನು ತಿಂಗಳುಗಟ್ಟಲೆ ಓಡಿಸುವಂತಿರಲಿಲ್ಲ. ಗುಣ ಮಾಡಿದ್ದು ಆ ಬಿಡುವು, ಹೆಸರು ಬಂದದ್ದು ಕಬ್ಬಿಣಕ್ಕೆ.

ಈಗಿನ ಚಿಕಿತ್ಸೆಗಳನ್ನೂ ನಾನು ಇದೇ ಅನುಮಾನದಿಂದ ನೋಡುತ್ತೇನೆ. ಕುದುರೆಯದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಗಾಯದೊಳಗೆ ಚುಚ್ಚುತ್ತಾರೆ. ನಮಗೆ ಡೆಂಗಿ ಬಂದಾಗ ಎಣಿಸುವ ಅದೇ ಪ್ಲೇಟ್‌ಲೆಟ್. ಅದು ಗಾಯ ಮಾಯಿಸುವ ಪ್ರೋಟೀನುಗಳ ಚೀಲವಾದ್ದರಿಂದ ವಿಚಾರ ಸರಿಯಾಗಿಯೇ ಇದೆ, ಫಲಿತಾಂಶ ಮಾತ್ರ ಒಂದೇ ಸಮನಾಗಿಲ್ಲ. ಸ್ಟೆಮ್ ಸೆಲ್ ವಿಧಾನದಲ್ಲಿ ಎದೆಮೂಳೆಯಿಂದ ಮಜ್ಜೆ ತೆಗೆದು, ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸಿ, ಅಲ್ಟ್ರಾಸೌಂಡ್ ನೋಡಿಕೊಂಡು ಆ ಕಪ್ಪು ರಂಧ್ರಕ್ಕೇ ತುಂಬುತ್ತಾರೆ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದಂತೆ, ಹೀಗೆ ಚಿಕಿತ್ಸೆ ಪಡೆದ 113 ರೇಸ್ ಕುದುರೆಗಳಲ್ಲಿ ಶೇ 27ರಷ್ಟಕ್ಕೆ ಮರುಗಾಯವಾಯಿತು. ಬೇರೆ ಚಿಕಿತ್ಸೆಗಳ ಹಳೆಯ ಲೆಕ್ಕಗಳಲ್ಲಿ ಈ ಪ್ರಮಾಣ ಇದಕ್ಕಿಂತ ಸಾಕಷ್ಟು ಹೆಚ್ಚು. ಭರವಸೆಯ ಅಂಕಿ, ಒಪ್ಪುತ್ತೇನೆ. ಆದರೆ ಹೋಲಿಕೆ ಹಳೆಯ ಲೆಕ್ಕದೊಂದಿಗೆ. ಅದೇ ವಿಶ್ರಾಂತಿ ಪಡೆದು ಸೂಜಿ ಮಾತ್ರ ಪಡೆಯದ ಕುದುರೆಗಳ ಗುಂಪು ಎದುರಿಗಿರಲಿಲ್ಲ.

ಮೂಳೆಯಿಂದ ಮೂಳೆಗೆ ಹೋಗುವ ಲಿಗಮೆಂಟಿನ ಗಾಯ ಇನ್ನೊಂದು ಬಗೆ. ಗೊರಸಿನ ಮೇಲಿನ ಕೀಲು ಕುಸಿಯದಂತೆ ಹಿಡಿದಿರುವ ಸಸ್ಪೆನ್ಸರಿ ಲಿಗಮೆಂಟ್ ಮೂಲತಃ ಒಂದು ಸ್ನಾಯು. ವಿಕಾಸದಲ್ಲಿ ರಜ್ಜುವಾಗಿ ಮಾರ್ಪಟ್ಟಿದೆ, ಒಳಗೆ ಇನ್ನೂ ಒಂದಿಷ್ಟು ಸ್ನಾಯುನಾರು ಉಳಿದಿದೆ. ಅದರ ಮೇಲ್ತುದಿಗೆ ಗಾಯವಾದರೆ ಮುಂಗಾಲಿನದು ವಿಶ್ರಾಂತಿಯಿಂದ ಚೆನ್ನಾಗಿ ವಾಸಿಯಾಗುತ್ತದೆ, ಹಿಂಗಾಲಿನದು ಅಷ್ಟಾಗಿ ಆಗುವುದಿಲ್ಲ. ಹಿಂಗಾಲಿನಲ್ಲಿ ಊದಿದ ಲಿಗಮೆಂಟ್ ಮೂಳೆ ಮತ್ತು ಗಟ್ಟಿ ಪೊರೆಯ ನಡುವೆ ಸಿಕ್ಕಿ ಪಕ್ಕದ ನರವನ್ನು ಒತ್ತುತ್ತದೆ. ಹಾಗಾಗಿ ಪೊರೆ ಬಿಡಿಸಿ ನರ ಕತ್ತರಿಸುವ ಶಸ್ತ್ರಚಿಕಿತ್ಸೆ ಉಂಟು. ಹೊರಗಿನಿಂದ ಗಾಯದ ಜಾಗಕ್ಕೆ ಜೋರಾದ ಒತ್ತಡದ ಅಲೆ ಹಾಯಿಸುವ ಆಘಾತ ತರಂಗ ಚಿಕಿತ್ಸೆಯೂ ಇಲ್ಲಿ ಬಳಕೆಯಲ್ಲಿದೆ. ಅದು ಕೆಲವು ದಿನ ನೋವನ್ನೇ ಮರೆಸುವುದರಿಂದ, ಅದಾದ ಕೂಡಲೇ ಓಡಿಸಕೂಡದೆಂದು ಅನೇಕ ದೇಶಗಳ ರೇಸ್ ನಿಯಮ ಹೇಳುತ್ತದೆ.

ಯಾವ ಚಿಕಿತ್ಸೆಯಾದರೂ ಅದರ ಹಿಂದೆ ಒಂದೇ ದಿನಚರಿ ಇರುತ್ತದೆ. ಮೊದಲು ಕೈಯಲ್ಲಿ ಹಿಡಿದು ದಿನಕ್ಕೆ ಹತ್ತು ನಿಮಿಷದ ನಡಿಗೆ, ವಾರಗಳು ಉರುಳಿದಂತೆ ಅದನ್ನು ಹೆಚ್ಚಿಸುವುದು, ಕೆಲವು ತಿಂಗಳ ನಂತರ ಲಘು ಓಟ, ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಹೊಸ ನಾರುಗಳು ಎಳೆತದ ದಿಕ್ಕಿಗೆ ಸಾಲುಗೂಡಲು ಅಳತೆಯ ಎಳೆತವೇ ಬೇಕು. ಸುಮ್ಮನೆ ಕಟ್ಟಿಹಾಕಿದರೂ ಕೆಡುತ್ತದೆ, ಮೈದಾನಕ್ಕೆ ಬಿಟ್ಟರೂ ಕೆಡುತ್ತದೆ. ರೇಸಿಗೆ ಮರಳಲು ಒಂಬತ್ತರಿಂದ ಹನ್ನೆರಡು ತಿಂಗಳು, ಕೆಲವಕ್ಕೆ ಇನ್ನೂ ಹೆಚ್ಚು. ರೇಸಿನಲ್ಲಿ ಓಡುವ ಅವಧಿಯೇ ನಾಲ್ಕೈದು ವರ್ಷವಿರುವಾಗ, ಮೇವು, ಲಾಯ, ಆಳಿನ ಖರ್ಚು ಹೊತ್ತು ಒಂದು ವರ್ಷ ಕಾಯಿರಿ ಎಂದರೆ ಎಷ್ಟು ಮಾಲೀಕರು ಕೇಳುತ್ತಾರೆ?

ಹಾಗೆ ಕಾಯದವರ ಕುದುರೆಗಳು ಎಷ್ಟೋ ಬಾರಿ ಸವಾರಿ ಶಾಲೆಗಳಿಗೆ ಬರುತ್ತವೆ. ಅಲ್ಲಿನ ಮೆಲ್ಲನೆಯ ಕೆಲಸಕ್ಕೆ ಮಾಯ್ದ ರಜ್ಜು ಸಾಕಾಗುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರೇಸ್ ಬಿಟ್ಟ ಕುದುರೆ ಕೊಳ್ಳಲು ಹೊರಟವರು ಮುಂಗಾಲಿನ ಹಿಂಭಾಗವನ್ನು ಮೇಲಿಂದ ಕೆಳಗೆ ಬೆರಳಿನಿಂದ ಸವರಿ ನೋಡಬೇಕು, ಉಬ್ಬು ಸಿಕ್ಕರೆ ಸ್ಕ್ಯಾನ್ ಮಾಡಿಸಬೇಕು. ಉಬ್ಬು ಒಂದೇ ಕಾಲಿನಲ್ಲಿದ್ದರೂ ಸ್ಕ್ಯಾನ್ ಎರಡಕ್ಕೂ.